ಕೆನ್ನೆ ಹಿಂಡುವ ಮುಂಚೆ ಒಂದು ಮಾತು ಕೇಳಿ



ಕಳೆದ ರಜೆಯಲ್ಲಿ ಮೈಸೂರಿನಿಂದ ನಮ್ಮಜ್ಜಿ ಜಾನ್ಸನ್‌ವಿಲ್‌ಗೆ ಬಂದಿದ್ದರು. ಎರಡು ವರ್ಷ ವಿಡಿಯೋ ಕಾಲ್‌ನಲ್ಲಷ್ಟೇ ನೋಡಿದ್ದ ಮೊಮ್ಮಗನನ್ನು ಕಂಡ ಕೂಡಲೇ "ಬಾರೋ ಪುಟ್ಟ, ಒಂದು ಮುತ್ತು ಕೊಡು" ಅಂತ ಕೈ ಚಾಚಿದರು. ಐದು ವರ್ಷದ ನನ್ನ ತಮ್ಮ ಅಮ್ಮನ ಹಿಂದೆ ಅವಿತುಕೊಂಡ. "ಅಜ್ಜಿಗೆ ಬೇಜಾರಾಗತ್ತೆ, ಹೋಗೋ" ಅಂತ ಅವನನ್ನು ಮುಂದೆ ತಳ್ಳಿದವಳು ನಾನೇ. ಅವನು ಅತ್ತುಬಿಟ್ಟ.

ನಾನು ಮಾಡಿದ್ದು ತಪ್ಪು ಅಂತ ಆಮೇಲೆ ಅನ್ನಿಸಿತು. ನ್ಯೂಜಿಲೆಂಡ್ ಪೊಲೀಸರು ಶಾಲೆಗಳಿಗಾಗಿ ರೂಪಿಸಿದ 'ಕೀಪಿಂಗ್ ಅವರ್‌ಸೆಲ್ವ್ಸ್ ಸೇಫ್' ಪಾಠಗಳು 1980ರ ದಶಕದಿಂದಲೂ ಇವೆ. ಇಷ್ಟವಿಲ್ಲದೆ ಯಾರಾದರೂ ಮುಟ್ಟಿದರೆ ಬೇಡ ಅನ್ನು, ನಂಬಿಕೆಯ ದೊಡ್ಡವರಿಗೆ ಹೇಳು ಅಂತ ಅವು ಕಲಿಸುತ್ತವೆ. ಭಾರತದಲ್ಲೂ 2012ರ ಪೋಕ್ಸೊ ಕಾಯ್ದೆ ಇದೆ, ಮಕ್ಕಳಿಗಾಗಿ 1098 ಸಹಾಯವಾಣಿ ಇದೆ. ಶಾಲೆಯಲ್ಲಿ "ಬೇಡ ಅನ್ನು" ಅಂತ ಕಲಿತ ಮಗುವಿಗೆ ಮನೆಯಲ್ಲಿ "ಬೇಡ ಅನ್ನಬಾರದು" ಅಂದರೆ ಅದು ಯಾವುದನ್ನು ನಂಬಬೇಕು? ಮಕ್ಕಳಿಗೆ ತೊಂದರೆ ಕೊಡುವವರು ಹೆಚ್ಚಾಗಿ ಪರಿಚಯದವರೇ ಆಗಿರುತ್ತಾರೆ. ಅದನ್ನು ಮರೆಯಬಾರದು.

"ಇದು ನಮ್ಮ ಸಂಸ್ಕೃತಿ, ಪ್ರೀತಿ" ಅಂತ ನೀವು ಹೇಳಬಹುದು. ಪ್ರೀತಿ ನಿಜ. ಆದರೆ ಮುಟ್ಟದೆಯೇ ಗೌರವ ತೋರಿಸುವ ನಮಸ್ಕಾರವೂ ನಮ್ಮದೇ ಅಲ್ಲವೇ? ಅಮ್ಮ ಅಜ್ಜಿಗೆ ಇದನ್ನೇ ಹೇಳಿದರು. ಮರುದಿನದಿಂದ ಅಜ್ಜಿ "ಅಪ್ಪುಗೆನಾ, ನಮಸ್ಕಾರನಾ?" ಅಂತ ಕೇಳತೊಡಗಿದರು. ಮೂರು ದಿನ ಬರೀ ನಮಸ್ಕಾರ. ನಾಲ್ಕನೇ ದಿನ ಅವನೇ ಹೋಗಿ ಅವರ ತೊಡೆಯೇರಿ ಕೂತ.

ಹಾಗಂತ ಎಲ್ಲವೂ ಮಗುವಿನ ಇಷ್ಟ ಅಂತಲ್ಲ. ಹಲ್ಲುಜ್ಜಲೇಬೇಕು, ಲಸಿಕೆ ಹಾಕಿಸಲೇಬೇಕು. ಆಗಲೂ ಯಾಕೆ ಅಂತ ಮೊದಲು ಹೇಳಬಹುದು.

ಪುಟಾಣಿಗಳೇ, ನಿಮಗೂ ಒಂದು ಮಾತು. ನಿಮ್ಮ "ಬೇಡ"ಕ್ಕೆ ಇರುವಷ್ಟೇ ಬೆಲೆ ಬೇರೆಯವರ "ಬೇಡ"ಕ್ಕೂ ಇದೆ. ಗೆಳತಿಯ ಗುಂಗುರು ಕೂದಲು ಚೆಂದ ಕಂಡರೂ ಕೇಳದೆ ಎಳೆಯಬೇಡಿ. ಗೆಳೆಯನ ಶ್ರವಣಯಂತ್ರ ಆಟದ ಸಾಮಾನಲ್ಲ. ನಮ್ಮಲ್ಲಿ ದೊಡ್ಡವರು ತಲೆ ಮೇಲೆ ಕೈಯಿಟ್ಟರೆ ಆಶೀರ್ವಾದ. ಮಾವೊರಿ ಸಂಪ್ರದಾಯದಲ್ಲಿ ತಲೆ 'ತಪು', ಅಂದರೆ ಪವಿತ್ರ. ಕೇಳದೆ ಮುಟ್ಟಿದರೆ ಅಗೌರವ. ಒಬ್ಬೊಬ್ಬರಿಗೆ ಒಂದೊಂದು ಅರ್ಥ ಇರುವುದರಿಂದ ಕೇಳುವುದೇ ಒಳ್ಳೆಯದು.

ದೊಡ್ಡವರೇ, ಮುಂದಿನ ಸಲ ಕನ್ನಡ ಶಾಲೆಯಲ್ಲಿ ಯಾವುದಾದರೂ ಮಗು ಮುದ್ದಾಗಿ ಕಂಡರೆ ಒಮ್ಮೆ ಕೇಳಿ. "ಬೇಡ" ಅಂದರೆ ನಗಬೇಡಿ, "ಸರಿ ಪುಟ್ಟ" ಅನ್ನಿ. ನಾನೂ ನನ್ನ ತಮ್ಮನಿಗೆ ಸಾರಿ ಹೇಳಿದ್ದೇನೆ.

— ಇಯರ್ 12 ವಿದ್ಯಾರ್ಥಿನಿ, ಜಾನ್ಸನ್‌ವಿಲ್