ಜ್ವರದ ಮಾತ್ರೆಗಳೆಲ್ಲ ಒಂದೇ ಅಲ್ಲ

ಪರೀಕ್ಷೆ ಹತ್ತಿರ ಬಂದಾಗ ಮಗನಿಗೆ ನೆಗಡಿ, ಜ್ವರ ಬಂತೆಂದರೆ ಅವನಿಗಿಂತ ಮನೆಯವರಿಗೇ ಗಾಬರಿ ಹೆಚ್ಚು. ಅಜ್ಜಿಯ ಕಷಾಯ ಇನ್ನೂ ಒಲೆಯ ಮೇಲಿರುವಾಗಲೇ ಅಪ್ಪ ಔಷಧಿ ಅಂಗಡಿಯಲ್ಲಿ ನಿಂತು 'ಜ್ವರಕ್ಕೊಂದು ಮಾತ್ರೆ ಕೊಡಿ' ಎನ್ನುತ್ತಿರುತ್ತಾರೆ. ಕೊಟ್ಟದ್ದು ಪ್ಯಾರಸಿಟಮಾಲೋ, ಐಬುಪ್ರೊಫೆನ್ನೋ, ಆಸ್ಪಿರಿನ್ನೋ ಎಂದು ನೋಡುವವರು ಕಡಿಮೆ.

ನೆಗಡಿ, ಫ್ಲೂಗಳಿಗೆ ಕಾರಣ ವೈರಸ್. ಆದರೆ ಮೈ ಕಾಯುವುದು, ಗಂಟಲು ಕೆಂಪಾಗಿ ಊದಿಕೊಳ್ಳುವುದು ಬಹುಮಟ್ಟಿಗೆ ದೇಹವೇ ಅದರ ವಿರುದ್ಧ ಹೂಡುವ ಕಾಳಗದ ಲಕ್ಷಣಗಳು. ಇದಕ್ಕೇ ಉರಿಯೂತ ಎಂದು ಹೆಸರು. ಆಸ್ಪಿರಿನ್, ಐಬುಪ್ರೊಫೆನ್‌ಗಳು ಇದನ್ನು ತಗ್ಗಿಸುತ್ತವೆ. ರೋಗಿಗೆ ಹಿತವೆನಿಸುತ್ತದೆ, ನಿಜ; ವೈರಸ್ ಮಾತ್ರ ಅಲ್ಲೇ ಇರುತ್ತದೆ.

ಹಿತವೆಂದು ಕೊಟ್ಟ ಮಾತ್ರೆ ಮುಳುವಾದ ಉದಾಹರಣೆಯೂ ಇದೆ. 1963ರಲ್ಲಿ ಸಿಡ್ನಿಯ ಮಕ್ಕಳ ಆಸ್ಪತ್ರೆಯ ಡಾ. ಡಗ್ಲಸ್ ರೈ ಮತ್ತು ಸಂಗಡಿಗರು 21 ಮಕ್ಕಳ ವಿಚಿತ್ರ ಕಾಯಿಲೆಯನ್ನು ವರದಿ ಮಾಡಿದರು. ಮೊದಲು ಸಾಧಾರಣ ನೆಗಡಿ, ಕೆಮ್ಮು. ಇನ್ನೇನು ವಾಸಿಯಾಯಿತು ಎನ್ನುವಾಗ ಬಿಡದ ವಾಂತಿ, ಅಸಂಬದ್ಧ ಮಾತು, ಸೆಳವು, ಕೊನೆಗೆ ಪ್ರಜ್ಞೆ ತಪ್ಪುವುದು. ಮಿದುಳು ಊದಿಕೊಂಡಿತ್ತು, ಯಕೃತ್ತಿನಲ್ಲಿ ಕೊಬ್ಬು ತುಂಬಿತ್ತು. 21 ಮಕ್ಕಳಲ್ಲಿ 17 ಮಂದಿ ಉಳಿಯಲಿಲ್ಲ. ಈ ಕಾಯಿಲೆಗೂ ಫ್ಲೂ ಇಲ್ಲವೇ ಸಿಡುಬಿನಂಥ 'ಚಿಕನ್ ಪಾಕ್ಸ್' ಬಂದಾಗ ಕೊಟ್ಟ ಆಸ್ಪಿರಿನ್ನಿಗೂ ನಂಟಿದೆ ಎಂಬುದು ಆಮೇಲೆ ತಿಳಿಯಿತು. ಅಮೆರಿಕದಲ್ಲಿ 1980ರಲ್ಲಿ 555 ಪ್ರಕರಣಗಳು ದಾಖಲಾಗಿದ್ದವು. ಮಕ್ಕಳಿಗೆ ಆಸ್ಪಿರಿನ್ ಬೇಡವೆಂಬ ಎಚ್ಚರಿಕೆ ಮನೆಮನೆ ತಲುಪಿದ ಮೇಲೆ, 1987ರಿಂದ ಒಂದು ದಶಕದಲ್ಲಿ ಯಾವ ವರ್ಷವೂ 36ನ್ನು ದಾಟಲಿಲ್ಲ. ಬ್ರಿಟನ್ನಿನಲ್ಲಂತೂ 2002ರಿಂದ 16 ವರ್ಷದೊಳಗಿನವರಿಗೆ ಅದು ನಿಷಿದ್ಧ. (ಕೆಲವು ಹೃದಯದ ತೊಂದರೆಗಳಿಗೆ ವೈದ್ಯರೇ ಬರೆದುಕೊಟ್ಟಿದ್ದರೆ ಅದು ಬೇರೆ ಮಾತು, ಅದನ್ನು ತಾವಾಗಿ ನಿಲ್ಲಿಸಬಾರದು.)

ನಮ್ಮಲ್ಲಿ ಇನ್ನೊಂದು ತೊಡಕುಂಟು. ಮಳೆಗಾಲದಲ್ಲಿ ಫ್ಲೂ ಎಂದುಕೊಂಡ ಜ್ವರ ಡೆಂಗೆ ಆಗಿರಬಹುದು. ಆಗ ಆಸ್ಪಿರಿನ್, ಐಬುಪ್ರೊಫೆನ್ ಎರಡೂ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಹಾಗಾಗಿ ಮಗುವಿನ ತೂಕಕ್ಕೆ ತಕ್ಕ ಪ್ರಮಾಣದ ಪ್ಯಾರಸಿಟಮಾಲೇ ಲೇಸು. ಅದೂ ಮಿತಿಮೀರಿದರೆ ಯಕೃತ್ತಿಗೆ ಕೇಡು.

ಸ್ಟೀರಾಯ್ಡ್‌ಗಳ ಗುಣವೂ ವಿಚಿತ್ರವೇ. 2020ರಲ್ಲಿ ಬ್ರಿಟನ್ನಿನ 'ರಿಕವರಿ' ಪ್ರಯೋಗದಲ್ಲಿ, ಆಮ್ಲಜನಕ ಬೇಕಾಗುವಷ್ಟು ಕೋವಿಡ್ ಉಲ್ಬಣಿಸಿದವರ ಜೀವವನ್ನು ಡೆಕ್ಸಾಮೆಥಸೋನ್ ಉಳಿಸಿತು. ಆಮ್ಲಜನಕ ಬೇಡದವರಿಗೆ ಪ್ರಯೋಜನವಾಗಲಿಲ್ಲ. ಮನೆಯಲ್ಲೇ ಮಲಗಿದ ನೆಗಡಿ ರೋಗಿಗೆ ಅದರ ಗೊಡವೆ ಬೇಡ.

ಇನ್ನು ವಿಟಮಿನ್ ಸಿ. ನೊಬೆಲ್ ವಿಜೇತ ಲೈನಸ್ ಪಾಲಿಂಗ್ 1970ರಲ್ಲಿ ಪುಸ್ತಕ ಬರೆದು ಅದಕ್ಕೆ ಭಾರೀ ಪ್ರಚಾರ ಕೊಟ್ಟರು. ಮುಂದೆ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡದ್ದಿಷ್ಟು: ದಿನವೂ ತಪ್ಪದೆ ನುಂಗಿದರೂ ಸಾಮಾನ್ಯ ಜನರಿಗೆ ನೆಗಡಿ ಬರುವುದು ತಪ್ಪದು, ಬಂದ ನೆಗಡಿಯ ಅವಧಿ ದೊಡ್ಡವರಲ್ಲಿ ಶೇಕಡಾ 8ರಷ್ಟು, ಮಕ್ಕಳಲ್ಲಿ ಶೇಕಡಾ 14ರಷ್ಟು ತಗ್ಗೀತು. ಸೀನು ಶುರುವಾದ ಮೇಲೆ ಚೀಪುವ ಕಿತ್ತಳೆ ಬಣ್ಣದ ಮಾತ್ರೆಯಿಂದ ಅಂಥ ಲಾಭವೇನೂ ಕಂಡುಬಂದಿಲ್ಲ.

ಅಂಗಡಿಯಲ್ಲೇ ಮಾತ್ರೆಯ ಪಟ್ಟಿ ತಿರುಗಿಸಿ ಓದುವುದು ಕಷ್ಟದ ಕೆಲಸವೇನಲ್ಲ. ತಲೆನೋವಿಗೆಂದು ನೀರಿನಲ್ಲಿ ಕರಗಿಸಿ ಕುಡಿಯುವ ಡಿಸ್ಪ್ರಿನ್ ಆಸ್ಪಿರಿನ್ನೇ. 'ಕೋಲ್ಡ್' ಮಾತ್ರೆಗಳಲ್ಲಿ ಹಲವದರಲ್ಲಿ ಪ್ಯಾರಸಿಟಮಾಲ್ ಸೇರಿರುತ್ತದೆ; ಅದರ ಜೊತೆಗೆ ಜ್ವರದ ಮಾತ್ರೆಯನ್ನೂ ಕೊಟ್ಟರೆ ಒಂದೇ ಔಷಧ ಎರಡು ಪಾಲು ಹೊಟ್ಟೆ ಸೇರುತ್ತದೆ.