ಪಾತ್ರೆ ತೊಳೆದ್ರೆ ವಾಕಿಂಗ್ ಆಗಲ್ಲ

ಹೋದ ವರ್ಷ ನಮ್ಮ ಚಿಕ್ಕ ಓರಗಿತ್ತಿಗೆ ಸ್ಟೆಂಟ್ ಹಾಕಿದ್ರು. ಆಮೇಲೆ ಮೂರು ತಿಂಗಳು, ವಾರಕ್ಕೆರಡು ದಿನ ಆಸ್ಪತ್ರೇಲಿ ವ್ಯಾಯಾಮ. ಮೊದಲ ದಿನ ಆರು ನಿಮಿಷ ನಡೆಸಿ ಎಷ್ಟು ದೂರ ಹೋದಳು ಅಂತ ಅಳೆದ್ರು, ಕೊನೇ ದಿನಾನೂ ಅಳೆದ್ರು. ತುಂಬಾ ಸುಧಾರಿಸಿದ್ಲು. "ಇನ್ಮೇಲೆ ನೀವೇ ಮುಂದುವರಿಸಿ" ಅಂದ್ರು. ಅಲ್ಲಿಗೆ ನಿಂತೇ ಹೋಯ್ತು ನೋಡಿ.

ಬೇಡ ಅಂತ ಯಾರೂ ಅನ್ಲಿಲ್ಲ. ಬೆಳಗ್ಗೆ ನೀರು ಹಿಡೀಬೇಕು, ಡಬ್ಬಿ ಕಟ್ಬೇಕು. ಸಂಜೆ ಅಡುಗೆ. ಕೇಳಿದ್ರೆ, "ಇಡೀ ದಿನ ಮನೇಲಿ ಓಡಾಡ್ತಾನೇ ಇರ್ತಾಳಲ್ಲ, ಇನ್ಯಾವ ವ್ಯಾಯಾಮ?" ಅಂತಾರೆ. ಈ ಮಾತಿಗೇ ನನ್ನ ತಕರಾರು.

ಮನೆಕೆಲಸಾನೂ ಮೈಗೆ ಒಳ್ಳೇದೇ, ಇಲ್ಲ ಅನ್ನಲ್ಲ. ಆದ್ರೆ ಅದ್ರಲ್ಲಿ ನಾಕು ಹೆಜ್ಜೆ ಹಾಕ್ತೀವಿ, ನಿಲ್ತೀವಿ. ಹೃದಯಕ್ಕೆ ಬೇಕಾಗಿರೋದು ಒಂದೇ ಸಮನೆ ನಡಿಗೆ. ಐದು ನಿಮಿಷ ನಿಧಾನ, ಆಮೇಲೆ ಸ್ವಲ್ಪ ಬಿರುಸು, ಕೊನೇಲಿ ಮತ್ತೆ ನಿಧಾನ. ಮಾತಾಡಕ್ಕಾಗ್ಬೇಕು, ಹಾಡಕ್ಕಾಗ್ಬಾರ್ದು, ಅಷ್ಟು ಬಿರುಸು ಸಾಕು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕಡಿಮೆ ಅಂದ್ರೂ 150 ನಿಮಿಷ ಅನ್ನತ್ತೆ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ಒಂದು ಸೀರಿಯಲ್ ನೋಡೋ ಹೊತ್ತು ಅಷ್ಟೇ. ಬಿಟ್ರೆ ಗಳಿಸಿದ ಕಸುವು ಕೆಲವೇ ವಾರದಲ್ಲಿ ಇಳಿದುಹೋಗತ್ತೆ. ಮಾತ್ರೆ ತಪ್ಪಿಸಿದ್ರೆ ಎಲ್ಲಾರೂ ಗದರ್ತೀವಿ, ನಡಿಗೆ ತಪ್ಪಿಸಿದ್ರೆ ಯಾಕೆ ಸುಮ್ನಿರ್ತೀವಿ?

ಜಯದೇವ ಆಸ್ಪತ್ರೆ ನಮ್ಮ ಬನ್ನೇರುಘಟ್ಟ ರಸ್ತೇಲೇ ಇದೆ ನಿಜ. ಆದ್ರೆ ದಿನಾ ನಡೆಸಕ್ಕೆ ಯಾವ ಆಸ್ಪತ್ರೇನೂ ಗೊಟ್ಟಿಗೆರೆಗೆ ಬರಲ್ಲ. ನಾವೇ ಆಗ್ಬೇಕು.

ಈಗ ಸಂಜೆ ಐದಕ್ಕೆ ನಾನು ಹೊರಡಿಸ್ತೀನಿ. ಪಕ್ಕದ್ಮನೆ ಆಂಟೀನೂ ಬರ್ತಾರೆ, ಅವರಿಗೆ ದಮ್ಮು, ಡಾಕ್ಟ್ರು ಹೇಳಿದಷ್ಟೇ ನಡೀತಾರೆ. ನೈಸ್ ರೋಡ್ ಜಂಕ್ಷನ್ ಕಡೆ ಹೋಗಲ್ಲ, ಲಾರಿ ಹೊಗೆ, ಧೂಳು. ಒಳಗಿನ ಕ್ರಾಸುಗಳಲ್ಲೇ ಸುತ್ತು. ಓರಗಿತ್ತಿ ಪರ್ಸಲ್ಲಿ ಫೋನು, ಡಾಕ್ಟ್ರು ಕೊಟ್ಟಿರೋ ನಾಲಿಗೆ ಕೆಳಗಿಡೋ ಮಾತ್ರೆ. ಎದೆ ಹಿಡಿದ್ರೆ, ತಲೆ ಸುತ್ತಿದ್ರೆ ಅಲ್ಲೇ ಕೂರೋದು. ಮಾತ್ರೆಗೂ ನೋವು ಬಿಡ್ಲಿಲ್ಲ ಅಂದ್ರೆ 108.

ಮೊದಲ ದಿನ ಗೇಟಿನ ಹತ್ರ ಹೋಗಿ, "ಅಯ್ಯೋ ಅಕ್ಕಾ, ಅನ್ನಕ್ಕೇ ಇಟ್ಟಿಲ್ಲ" ಅಂತ ವಾಪಸ್ ತಿರುಗಿದ್ಲು. ನಮ್ಮ ಮೈದುನ ಒಳಗಿಂದಾನೇ, "ಕುಕ್ಕರ್ ಇಡಕ್ಕೆ ನಂಗೂ ಬರತ್ತೆ, ಹೋಗು" ಅಂದ.

ನಿಮ್ಮನೇಲೂ ಹಾಗೆ ಆಸ್ಪತ್ರೆಯಿಂದ ಬಂದೋರಿದ್ರೆ, "ವಾಕಿಂಗ್ ಹೋಗು" ಅಂತ ಬರೀ ಹೇಳ್ಬೇಡಿ. ನೀವೂ ಚಪ್ಪಲಿ ಹಾಕ್ಕೊಳ್ಳಿ.