ನುಡಿಗೆ ಕಾವಲಿಟ್ಟವನೇ ಸುಸಂಸ್ಕೃತ

ಕಲಬುರಗಿ ಜಿಲ್ಲೆಯ ಚಿತ್ತಾಪುರ ಸೀಮೆಯಲ್ಲಿ, ಭೀಮಾನದಿಯ ದಡದ ಮೇಲೆ ಸನ್ನತಿ ಎಂಬ ಊರಿದೆ. ಚಂದ್ರಲಾಂಬಾ ದೇವಿಯ ದರ್ಶನಕ್ಕಾಗಿ ಭಕ್ತರು ದೂರದ ಊರುಗಳಿಂದ ಅಲ್ಲಿಗೆ ಬರುತ್ತಾರೆ. ಕಳೆದ ಶತಮಾನದ ಎಂಬತ್ತರ ದಶಕದಲ್ಲಿ ಆ ದೇವಾಲಯದ ಆವರಣದಲ್ಲಿದ್ದ ಕಾಳಿಕಾದೇವಿಯ ಗುಡಿಯ ಮಾಳಿಗೆ ಕುಸಿಯಿತು. ಅನಂತರ ದೇವಿಯ ಪೀಠಕ್ಕೆ ಆಧಾರವಾಗಿದ್ದ ಕಲ್ಲಿನ ಚಪ್ಪಡಿಯಲ್ಲಿ ಬ್ರಾಹ್ಮೀ ಲಿಪಿಯ ಪ್ರಾಕೃತ ಅಕ್ಷರಗಳು ಕಂಡವು. ಅವು ಕ್ರಿಸ್ತಪೂರ್ವ 3ನೆಯ ಶತಮಾನದ ಅಶೋಕ ಚಕ್ರವರ್ತಿಯ ಶಾಸನಗಳೆಂದು ವಿದ್ವಾಂಸರು ಗುರುತಿಸಿದರು. ಶತಮಾನಗಳ ಕಾಲ ಜನರು ಆ ಕಲ್ಲಿನ ಮುಂದೆ ಕೈಮುಗಿದಿದ್ದರು, ಹೂವು ಏರಿಸಿದ್ದರು. ಅದರ ಮೇಲೆ ಏನು ಬರೆದಿದೆ ಎಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ.

ಆ ಕಲ್ಲಿನಲ್ಲಿ ಉಳಿದಿರುವ ಲೇಖನಗಳಲ್ಲಿ ಅಶೋಕನ 12ನೆಯ ಬಂಡೆಗಲ್ಲು ಶಾಸನದ ಭಾಗವೂ ಒಂದು. ಅದರ ಪೂರ್ಣಪಾಠ ಬೇರೆಡೆ ದೊರೆತಿದೆ. ನೇಮಿನಾಥ ತೀರ್ಥಂಕರರ ನಿರ್ವಾಣಭೂಮಿಯಾದ ಗಿರ್ನಾರ್ ಬೆಟ್ಟದ ಬುಡದಲ್ಲಿರುವ ಬಂಡೆಯ ಮೇಲೂ ಇದೆ. ದಾನಕ್ಕಿಂತಲೂ ಪೂಜೆಗಿಂತಲೂ ಎಲ್ಲ ಮತಗಳ ಸತ್ವವೃದ್ಧಿಯೇ ದೊಡ್ಡದು ಎಂಬುದು ಅದರ ಸಾರಾಂಶ. ಆ ವೃದ್ಧಿಗೆ ಮೂಲ ಯಾವುದು ಎಂಬ ಪ್ರಶ್ನೆಗೆ ಶಾಸನ ಒಂದೇ ಪದದಲ್ಲಿ ಉತ್ತರ ಕೊಡುತ್ತದೆ: ‘ವಚಿಗುತಿ’. ಜೈನ ಶ್ರಾವಕನ ಕಿವಿಗೆ ಇದು ಅಪರಿಚಿತ ಪದವಲ್ಲ. ಇದು ವಚನಗುಪ್ತಿ, ಅಂದರೆ ನುಡಿಗೆ ಕಾವಲು. ತನ್ನ ಮತದ ಮೇಲಿನ ಅಭಿಮಾನದಿಂದ ಅದನ್ನು ಹೊಗಳಿ ಪರಮತವನ್ನು ತೆಗಳುವವನು ತನ್ನ ಮತಕ್ಕೇ ಹಾನಿ ಮಾಡುತ್ತಾನೆ ಎಂದು ಶಾಸನ ಎಚ್ಚರಿಸುತ್ತದೆ. ಅಶೋಕ ಬೌದ್ಧಧರ್ಮಕ್ಕೆ ಒಲಿದ ದೊರೆ. ಆದರೂ ದೆಹಲಿ-ತೋಪ್ರಾ ಸ್ತಂಭದ ಶಾಸನದಲ್ಲಿ ತನ್ನ ಅಧಿಕಾರಿಗಳು ಬ್ರಾಹ್ಮಣರು, ಆಜೀವಿಕರು ಮತ್ತು ನಿರ್ಗ್ರಂಥರು, ಅಂದರೆ ಜೈನ ಮುನಿಗಳು, ಇವರೆಲ್ಲರ ಯೋಗಕ್ಷೇಮವನ್ನು ನೋಡಬೇಕೆಂದು ಆತ ಬರೆಸಿದ್ದಾನೆ.

ಸುಸಂಸ್ಕೃತ ವ್ಯಕ್ತಿ ಯಾರು ಎಂದು ಕೇಳಿದರೆ ಲೋಕ ಕೊಡುವ ಉತ್ತರಗಳು ಹಲವು. ಹೆಚ್ಚು ಓದಿದವನು, ಒಳ್ಳೆಯ ಮನೆತನದಲ್ಲಿ ಹುಟ್ಟಿದವನು, ಅಚ್ಚುಕಟ್ಟಾಗಿ ಉಡುವವನು, ನಾಲ್ಕು ಭಾಷೆ ಬಲ್ಲವನು, ಹಬ್ಬಹರಿದಿನಗಳನ್ನು ತಪ್ಪದೆ ಆಚರಿಸುವವನು. ಇವು ಯಾವುವೂ ತಪ್ಪಲ್ಲ. ಆದರೆ ಇವೆಲ್ಲ ಇದ್ದೂ ನಾಲಿಗೆ ಬಿಚ್ಚಿದೊಡನೆ ಎದುರಿಗಿದ್ದವರ ಮನಸ್ಸನ್ನು ಗಾಯಗೊಳಿಸುವವರು ಪ್ರತಿ ಊರಿನಲ್ಲೂ ಇದ್ದಾರೆ. ಇವು ಯಾವುದೂ ಇಲ್ಲದೆ, ತಮ್ಮ ಮಾತಿನಿಂದ ಮನೆಯನ್ನೂ ಕೇರಿಯನ್ನೂ ತಂಪಾಗಿಟ್ಟವರೂ ಇದ್ದಾರೆ. ಹಾಗಾದರೆ ಸಂಸ್ಕೃತಿಯ ಗುರುತು ಎಲ್ಲಿದೆ?

ಸಂಸ್ಕಾರವೆಂದರೆ ಶುದ್ಧಿಗೊಳಿಸುವ ಕ್ರಿಯೆ. ಸನ್ನತಿಯ ನೆರೆಯ ಶಹಾಬಾದಿನ ಗಣಿಗಳಲ್ಲಿ ಕಲ್ಲು ಪದರಪದರವಾಗಿ ಸಿಗುತ್ತದೆ. ನೆಲದಿಂದ ಎಬ್ಬಿಸಿದ ಮಾತ್ರಕ್ಕೆ ಅದು ಮನೆಯ ನೆಲಹಾಸು ಆಗುವುದಿಲ್ಲ. ಅಂಚು ಕತ್ತರಿಸಬೇಕು, ಉಬ್ಬು ತಗ್ಗುಗಳನ್ನು ತೆಗೆಯಬೇಕು, ಉಜ್ಜಿ ನಯಗೊಳಿಸಬೇಕು. ಈ ಕೆಲಸದಲ್ಲಿ ಕಲ್ಲಿಗೆ ಹೊಸದಾಗಿ ಸೇರುವುದು ಏನೂ ಇಲ್ಲ. ಬೇಡವಾದದ್ದು ಹೋಗುತ್ತದೆ, ಅಷ್ಟೆ. ಜೈನ ಧರ್ಮದ ಸಾಧನೆಯೂ ಇದೇ ಬಗೆಯದು. ಆತ್ಮಕ್ಕೆ ಹೊರಗಿನಿಂದ ಗುಣಗಳನ್ನು ತಂದು ತುಂಬಬೇಕಾಗಿಲ್ಲ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳು ಕಳಚಿದರೆ ಅದರ ಸಹಜ ಕಾಂತಿ ತಾನಾಗಿ ಕಾಣುತ್ತದೆ. ಈ ಕಷಾಯಗಳು ಹೊರಬರುವ ಮೊದಲ ಬಾಗಿಲು ಬಾಯಿ. ಆದುದರಿಂದಲೇ ಮನೋಗುಪ್ತಿ, ವಚನಗುಪ್ತಿ, ಕಾಯಗುಪ್ತಿ ಎಂಬ ಮೂರರಲ್ಲಿ ನುಡಿಗೆ ಪ್ರತ್ಯೇಕ ಸ್ಥಾನ ದೊರೆತಿದೆ. ಐದು ಸಮಿತಿಗಳಲ್ಲಿಯೂ ಭಾಷಾಸಮಿತಿ ಎಂಬುದು ಒಂದು. ಹಿತವಾಗಿ, ಮಿತವಾಗಿ, ಸಂದೇಹಕ್ಕೆ ಎಡೆಯಿಲ್ಲದಂತೆ ಮಾತಾಡುವುದು ಅದರ ಲಕ್ಷಣ. ಐದು ಸಮಿತಿ, ಮೂರು ಗುಪ್ತಿ, ಈ ಎಂಟನ್ನು ಸಾಧಕನನ್ನು ಸಾಕುವ ತಾಯಂದಿರೆಂದು ಪರಂಪರೆ ಕರೆದಿದೆ. ಮುನಿಗೆ ಇವು ನಿತ್ಯವ್ರತ. ಗೃಹಸ್ಥನಿಗೆ ಶಕ್ತ್ಯನುಸಾರದ ಅಭ್ಯಾಸ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ಈ ವಿಷಯದಲ್ಲಿ ಇನ್ನೂ ಆಳಕ್ಕೆ ಹೋಗುತ್ತದೆ. ಕರ್ಮವು ಆತ್ಮದೆಡೆಗೆ ಹೇಗೆ ಹರಿದುಬರುತ್ತದೆ ಎಂಬುದನ್ನು ವಿವರಿಸುವ ಆರನೆಯ ಅಧ್ಯಾಯದಲ್ಲಿ ನೀಚಗೋತ್ರ ಕರ್ಮದ ಕಾರಣಗಳನ್ನು ಹೇಳಿದೆ. ಪರರನ್ನು ನಿಂದಿಸುವುದು, ತನ್ನನ್ನು ತಾನೇ ಹೊಗಳಿಕೊಳ್ಳುವುದು, ಪರರಲ್ಲಿ ಇರುವ ಗುಣವನ್ನು ಮುಚ್ಚುವುದು, ತನ್ನಲ್ಲಿ ಇಲ್ಲದ ಗುಣವನ್ನು ತೋರಿಸಿಕೊಳ್ಳುವುದು. ಇದಕ್ಕೆ ವಿರುದ್ಧವಾದ ನಡೆ, ಜೊತೆಗೆ ವಿನಯ ಮತ್ತು ನಿರಹಂಕಾರ, ಉಚ್ಚಗೋತ್ರಕ್ಕೆ ಕಾರಣ. ಇಲ್ಲಿ ಕುಲದ ಹೆಸರಿಲ್ಲ, ಸಂಪತ್ತಿನ ಮಾತಿಲ್ಲ. ಮನುಷ್ಯ ತನ್ನ ಬಗ್ಗೆ ಏನು ಹೇಳಿಕೊಳ್ಳುತ್ತಾನೆ, ಪರರ ಬಗ್ಗೆ ಏನು ಹೇಳುತ್ತಾನೆ ಎಂಬುದರಿಂದಲೇ ಅವನ ಮೇಲು ಕೀಳು ನಿರ್ಧಾರವಾಗುತ್ತದೆ. ಕುಲಾಭಿಮಾನದಿಂದ ಮತ್ತೊಬ್ಬನನ್ನು ಕೀಳೆಂದು ಕರೆಯುವವನು ಆ ಕ್ಷಣದಲ್ಲಿಯೇ ತನ್ನ ಕೀಳುಗತಿಗೆ ಬೀಜ ಬಿತ್ತಿಕೊಳ್ಳುತ್ತಾನೆ. ಸಮಂತಭದ್ರಾಚಾರ್ಯರು ಎಂಟು ಮದಗಳನ್ನು ಎಣಿಸುವಾಗ ಕುಲ, ಜಾತಿಗಳ ಜೊತೆಗೆ ಜ್ಞಾನವನ್ನೂ ತಪಸ್ಸನ್ನೂ ಸೇರಿಸಿದ್ದಾರೆ. ವಿದ್ಯೆಯೂ ವ್ರತವೂ ಸೊಕ್ಕಿಗೆ ಕಾರಣವಾಗಬಲ್ಲವು ಎಂಬ ಅರಿವು ಅವರಿಗಿತ್ತು. ಸಮ್ಯಗ್ದರ್ಶನವುಳ್ಳವನು ಲೋಕ ಅತ್ಯಂತ ಕೀಳೆಂದು ಎಣಿಸಿದ ಕುಲದಲ್ಲಿ ಹುಟ್ಟಿದ್ದರೂ ಬೂದಿ ಮುಚ್ಚಿದ ಕೆಂಡದಂತೆ ಒಳಗೆ ಬೆಳಗುತ್ತಾನೆ ಎಂದೂ ಅವರು ಸಾರಿದರು.

ಸನ್ನತಿಯ ಕಲ್ಲು ಕಂಡ ಸತ್ಯವನ್ನು ಅದೇ ಸೀಮೆಯ ಮತ್ತೊಂದು ಊರು ಸಾವಿರ ವರ್ಷಗಳ ನಂತರ ಕನ್ನಡದಲ್ಲಿ ನುಡಿಯಿತು. ಸೇಡಂ ತಾಲ್ಲೂಕಿನಲ್ಲಿ, ಭೀಮೆಯನ್ನು ಸೇರುವ ಕಾಗಿಣಾ ನದಿಯ ದಡದಲ್ಲಿರುವ ಇಂದಿನ ಮಳಖೇಡವೇ ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. 9ನೆಯ ಶತಮಾನದಲ್ಲಿ ಅರುವತ್ತಕ್ಕೂ ಹೆಚ್ಚು ವರ್ಷ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ‘ಕವಿರಾಜಮಾರ್ಗ’ವನ್ನು ರಚಿಸಿದನು. ಉಪಲಬ್ಧವಿರುವ ಮೊದಲ ಕನ್ನಡ ಕೃತಿ ಅದು. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ವರ್ಣಿಸಿ, ಅಲ್ಲಿಯ ಜನರ ಯೋಗ್ಯತೆಯನ್ನು ಅದು ಗುರುತಿಸುವ ಬಗೆ ವಿಶೇಷವಾದುದು. ಅವರು ಹದವರಿತು ಮಾತಾಡಬಲ್ಲರು. ಇನ್ನೊಬ್ಬರು ಆಡಿದ ಮಾತನ್ನು ತಿಳಿದು ವಿಮರ್ಶಿಸಬಲ್ಲರು. ವಿಶೇಷವಾಗಿ ಓದದೆಯೂ ಕಾವ್ಯದ ಮರ್ಮ ಬಲ್ಲವರು. ಅದೇ ಕೃತಿ ಪರರ ವಿಚಾರವನ್ನೂ ಪರಧರ್ಮವನ್ನೂ ಸಹಿಸುವ ಶಕ್ತಿಯೇ ನಿಜವಾದ ಬಂಗಾರ ಎಂಬ ಅಭಿಪ್ರಾಯವನ್ನೂ ಹೇಳುತ್ತದೆ. ಕನ್ನಡಿಗನ ಸಂಸ್ಕೃತಿಯ ಮೊತ್ತಮೊದಲ ವ್ಯಾಖ್ಯೆಯಲ್ಲಿ ಪದವಿ ಇಲ್ಲ, ಉಡುಗೆ ಇಲ್ಲ. ಹದವಾಗಿ ಆಡುವ ಬಾಯಿ, ತಾಳ್ಮೆಯಿಂದ ಕೇಳುವ ಕಿವಿ, ಭಿನ್ನಮತವನ್ನು ಸೈರಿಸುವ ಎದೆ ಮಾತ್ರ ಇವೆ.

ಈ ಮಾತು ಗ್ರಂಥದಲ್ಲಿ ಮಾತ್ರ ಉಳಿಯಲಿಲ್ಲ. ನೃಪತುಂಗನು ಜಿನಸೇನಾಚಾರ್ಯರ ಪಾದಗಳಿಗೆ ವಂದಿಸಿ ಪವಿತ್ರನಾದೆನೆಂದು ಭಾವಿಸಿದ್ದನ್ನು ಆಚಾರ್ಯರ ಶಿಷ್ಯ ಗುಣಭದ್ರರು ದಾಖಲಿಸಿದ್ದಾರೆ. ಹೀಗೆ ಜಿನಭಕ್ತನಾದ ಅದೇ ದೊರೆ, ಪ್ರಜೆಗಳಿಗೆ ಒದಗಿದ ವಿಪತ್ತು ನೀಗಲೆಂದು ಮಹಾಲಕ್ಷ್ಮಿಗೆ ತನ್ನ ಎಡಗೈಯ ಬೆರಳನ್ನೇ ಅರ್ಪಿಸಿದನೆಂದು 871ರ ಸಂಜಾನ್ ತಾಮ್ರಶಾಸನ ಹೇಳುತ್ತದೆ. ಆ ಕ್ರಿಯೆಯನ್ನು ಅನುಸರಿಸಬೇಕಾಗಿಲ್ಲ. ಅದರ ಹಿಂದಿನ ಭಾವವನ್ನು ಗಮನಿಸಬೇಕು. ಪ್ರಜೆಗಳು ನಂಬಿದ ದೇವಿಯನ್ನು ಆತ ಹಗುರವಾಗಿ ಕಾಣಲಿಲ್ಲ. ತನ್ನ ಧರ್ಮದಲ್ಲಿ ದೃಢವಾಗಿ ನಿಂತವನಿಗೆ ಇನ್ನೊಬ್ಬರ ಧರ್ಮವನ್ನು ಗೌರವಿಸಲು ಭಯವಾಗುವುದಿಲ್ಲ. ಇಂದಿಗೂ ಮಳಖೇಡದಲ್ಲಿ ನೇಮಿನಾಥ ಬಸದಿಯೂ ಇದೆ, ಮಾಧ್ವ ಪರಂಪರೆಯ ಅಕ್ಷೋಭ್ಯತೀರ್ಥರ ಬೃಂದಾವನವೂ ಇದೆ. ಒಂದೇ ನದಿಯ ನೀರು ಎರಡೂ ಕಡೆಯ ಭಕ್ತರ ದಾಹವನ್ನು ತಣಿಸಿದೆ.

ಇಂಥ ನೆಲದ ವಾರಸುದಾರರ ಕೈಯಲ್ಲಿ ಇಂದು ಮೊಬೈಲ್ ಫೋನು ಇದೆ. ಬೆರಳ ತುದಿಯಿಂದ ಹೊರಟ ಮಾತು ಕ್ಷಣಾರ್ಧದಲ್ಲಿ ಸಾವಿರಾರು ಮನೆಗಳನ್ನು ತಲುಪುತ್ತದೆ. ಅನ್ಯಮತದವರನ್ನು ಹೀಯಾಳಿಸುವ ಸಂದೇಶ, ಸ್ವಮತದಲ್ಲಿಯೇ ಬೇರೆ ಆಮ್ನಾಯದವರನ್ನು ಅಣಕಿಸುವ ಬರಹ, ಯಾರದೋ ಮನೆಯ ಗುಟ್ಟು, ಯಾರೋ ಹೇಳದ ಮಾತನ್ನು ಅವರ ಹೆಸರಿನಲ್ಲಿ ಹಚ್ಚಿದ ಚಿತ್ರ, ಇವೆಲ್ಲ ಬೆಳಗಿನ ಪೂಜೆ ಮುಗಿಯುವ ಮೊದಲೇ ಒಬ್ಬರಿಂದ ಒಬ್ಬರಿಗೆ ದಾಟುತ್ತವೆ. ಕಳುಹಿಸಿದವನು ‘ಇದು ನನ್ನದಲ್ಲ, ಬಂದದ್ದನ್ನು ಮುಂದಕ್ಕೆ ಕಳಿಸಿದೆ’ ಎಂದು ಸಮಾಧಾನಪಟ್ಟುಕೊಳ್ಳುತ್ತಾನೆ. ಆದರೆ ಜೈನ ಆಚಾರಶಾಸ್ತ್ರದಲ್ಲಿ ಈ ಸಮಾಧಾನಕ್ಕೆ ಎಡೆಯಿಲ್ಲ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಮಿಥ್ಯೋಪದೇಶ, ಪರರ ಗುಟ್ಟನ್ನು ಬಯಲುಮಾಡುವ ರಹೋಭ್ಯಾಖ್ಯಾನ, ಸುಳ್ಳು ಬರಹವಾದ ಕೂಟಲೇಖಕ್ರಿಯೆ ಸೇರಿವೆ. ತಾಳೆಗರಿಯ ಕಾಲದಲ್ಲಿ ಹೇಳಿದ ಈ ದೋಷಗಳು ಇಂದಿನ ಫೋನಿಗಾಗಿಯೇ ಹೇಳಿದಂತಿವೆ. ಪಾಪವು ಮಾಡುವುದರಿಂದ, ಮಾಡಿಸುವುದರಿಂದ ಮತ್ತು ಅನುಮೋದಿಸುವುದರಿಂದ ಕೂಡ ಅಂಟುತ್ತದೆ. ಮುಂದಕ್ಕೆ ಕಳುಹಿಸುವುದು ಅನುಮೋದನೆಯಲ್ಲದೆ ಮತ್ತೇನು?

ಇಲ್ಲಿ ಒಂದು ಆಕ್ಷೇಪ ಸಹಜವಾಗಿ ಹುಟ್ಟುತ್ತದೆ. ತಪ್ಪನ್ನು ತಪ್ಪೆಂದು ಹೇಳದೆ ಸುಮ್ಮನಿರುವುದೇ ಸಂಸ್ಕೃತಿಯಾದರೆ ಅನ್ಯಾಯಕ್ಕೆ ತಡೆ ಎಲ್ಲಿ? ವಚನಗುಪ್ತಿ ಎಂದರೆ ಹೇಡಿಯ ಮೌನವೆ? ಹಾಗಲ್ಲ. ಅಶೋಕನ ಶಾಸನವೂ ವಿಮರ್ಶೆಯನ್ನು ಪೂರ್ಣವಾಗಿ ನಿಷೇಧಿಸಿಲ್ಲ. ಸಂದರ್ಭವಿಲ್ಲದೆ ಕೂಡದು, ಸಂದರ್ಭ ಬಂದಾಗಲೂ ಮಿತಿ ಮೀರಕೂಡದು ಎಂದಿದೆ. ಜೈನಾಚಾರ್ಯರು ಪರಮತಗಳೊಂದಿಗೆ ಶತಮಾನಗಳ ಕಾಲ ವಾದ ಮಾಡಿದ್ದಾರೆ. ಎದುರಾಳಿಯ ಪಕ್ಷವನ್ನು ಪೂರ್ವಪಕ್ಷವಾಗಿ ಮೊದಲು ಪ್ರಾಮಾಣಿಕವಾಗಿ ಮಂಡಿಸಿ, ಅನಂತರ ಉತ್ತರ ಹೇಳುವುದು ಭಾರತೀಯ ವಾದದ ಮರ್ಯಾದೆ. ಅನೇಕಾಂತವು ‘ಎಲ್ಲವೂ ಸರಿ’ ಎಂಬ ಉದಾಸೀನವಲ್ಲ. ವಸ್ತುವಿಗೆ ಹಲವು ಮುಖಗಳಿವೆ, ತನಗೆ ಕಂಡದ್ದು ಒಂದು ನಯ ಮಾತ್ರ ಎಂಬ ಎಚ್ಚರ ಅದು. ಆ ಎಚ್ಚರವುಳ್ಳವನ ಖಂಡನೆಯಲ್ಲಿಯೂ ದ್ವೇಷವಿರುವುದಿಲ್ಲ. ತಪ್ಪನ್ನು ಹೇಳಬೇಕು, ತಪ್ಪಿದವನನ್ನು ಹಳಿಯಬಾರದು. ತಿದ್ದುವ ಉದ್ದೇಶವಿದ್ದರೆ ಅವನ ಬಳಿಗೇ ಹೋಗಿ ಹೇಳುವ ಧೈರ್ಯ ಬರುತ್ತದೆ. ಹಳಿಯುವ ಉದ್ದೇಶವಿದ್ದರೆ ಊರಿಗೆಲ್ಲ ಹೇಳುವ ಚಪಲ ಹುಟ್ಟುತ್ತದೆ. ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ಉಪಗೂಹನ ಮತ್ತು ಸ್ಥಿತಿಕರಣ ಎಂಬ ಎರಡನ್ನು ಅಕ್ಕಪಕ್ಕದಲ್ಲಿ ಇಟ್ಟಿರುವುದು ಇದಕ್ಕಾಗಿಯೇ ಎನಿಸುತ್ತದೆ. ಜಾರಿದವನ ದೋಷವನ್ನು ಬೀದಿಗೆ ತಾರದಿರುವುದು ಮೊದಲನೆಯದು, ಅವನ ಕೈಹಿಡಿದು ಮತ್ತೆ ಧರ್ಮದಲ್ಲಿ ನಿಲ್ಲಿಸುವುದು ಎರಡನೆಯದು. ಒಂದನ್ನು ಬಿಟ್ಟು ಇನ್ನೊಂದನ್ನು ಮಾಡಿದರೆ ಕೆಲಸ ಪೂರ್ಣವಾಗುವುದಿಲ್ಲ.

ಈ ಸಂಸ್ಕೃತಿಯ ಪರೀಕ್ಷೆ ಸಭೆಯ ವೇದಿಕೆಯ ಮೇಲೆ ನಡೆಯುವುದಿಲ್ಲ. ಅಲ್ಲಿ ಎಲ್ಲರೂ ವಿನಯದಿಂದಲೇ ಮಾತಾಡುತ್ತಾರೆ. ಅಡತಿ ಅಂಗಡಿಯಲ್ಲಿ ತೊಗರಿಯ ಮೂಟೆ ಹೊರುವ ಹಮಾಲನೊಡನೆ ಮಾಲೀಕ ಆಡುವ ಮಾತಿನಲ್ಲಿ, ಕಲ್ಲುಗಣಿಯ ಕೂಲಿಕಾರನನ್ನು ಕರೆಯುವ ದನಿಯಲ್ಲಿ, ಮನೆಗೆಲಸದ ಹೆಣ್ಣುಮಗಳ ಕೈಯಿಂದ ಪಾತ್ರೆ ಜಾರಿದಾಗ ಒಡತಿಯ ಬಾಯಿಂದ ಬರುವ ಮೊದಲ ಶಬ್ದದಲ್ಲಿ, ಕಿವಿ ಮಂದವಾದ ತಾಯಿ ಅದೇ ಪ್ರಶ್ನೆಯನ್ನು ಮೂರನೆಯ ಸಲ ಕೇಳಿದಾಗ ಮಗ ಕೊಡುವ ಉತ್ತರದಲ್ಲಿ ಅದು ನಡೆಯುತ್ತದೆ. ಮರುಮಾತಾಡಲಾರದವರ ಮುಂದೆ ನಾಲಿಗೆ ಹೇಗೆ ನಡೆದುಕೊಳ್ಳುತ್ತದೆಯೋ ಅದೇ ಮನುಷ್ಯನ ನಿಜವಾದ ಸಂಸ್ಕಾರ. ಮಕ್ಕಳು ಅದನ್ನೇ ನೋಡಿ ಕಲಿಯುತ್ತಾರೆ. ಪಾಠಶಾಲೆಯಲ್ಲಿ ಕಂಠಪಾಠ ಮಾಡಿದ ಸೂತ್ರ ಮರೆತುಹೋಗಬಹುದು. ಊಟದ ಹೊತ್ತಿನಲ್ಲಿ ಹಿರಿಯರು ನೆರೆಮನೆಯವರ ಬಗ್ಗೆ ಆಡಿದ ಮಾತು ಮರೆಯುವುದಿಲ್ಲ.

ಹಾಗೆಂದು ಇದು ಅಸಾಧ್ಯವಾದ ಸಾಧನೆಯೇನಲ್ಲ. ತತ್ತ್ವಾರ್ಥಸೂತ್ರ ಸೂಚಿಸುವ ನಾಲ್ಕು ಭಾವನೆಗಳು ದಾರಿ ತೋರುತ್ತವೆ. ಸಕಲ ಜೀವಿಗಳಲ್ಲಿ ಮೈತ್ರಿ, ತನಗಿಂತ ಗುಣದಲ್ಲಿ ಹಿರಿಯರಾದವರನ್ನು ಕಂಡಾಗ ಸಂತೋಷ, ನೊಂದವರಲ್ಲಿ ಕರುಣೆ, ಹೇಳಿದರೂ ಕೇಳದ ಹಟಮಾರಿಯ ವಿಷಯದಲ್ಲಿ ಮಾಧ್ಯಸ್ಥ್ಯ. ಬಾಯಿ ತೆರೆಯುವ ಮುನ್ನ ಎದುರಿಗಿರುವವರು ಈ ನಾಲ್ವರಲ್ಲಿ ಯಾರೆಂದು ಒಂದು ಕ್ಷಣ ಯೋಚಿಸಿದರೆ ಆಡಬಾರದ ಮಾತು ಅರ್ಧದಷ್ಟು ಗಂಟಲಲ್ಲೇ ನಿಲ್ಲುತ್ತದೆ. ಉಳಿದರ್ಧಕ್ಕೆ ಸಂಜೆಯ ಪ್ರತಿಕ್ರಮಣವಿದೆ. ದಿನವಿಡೀ ಆಡಿದ ಮಾತುಗಳನ್ನು ನೆನೆದು, ನೋಯಿಸಿದವರನ್ನು ಮನಸ್ಸಿನಲ್ಲಿ ತಂದುಕೊಂಡು, ಸಾಧ್ಯವಾದರೆ ಮರುದಿನ ಅವರೆದುರು ನಿಂತು ಕ್ಷಮೆ ಕೇಳುವುದು. ಕ್ಷಮಾವಾಣಿ ವರ್ಷಕ್ಕೊಮ್ಮೆ ಎಲ್ಲರಿಗೂ ಒಂದೇ ಸಂದೇಶ ಕಳುಹಿಸುವ ಹಬ್ಬವಲ್ಲ. ನಿಜವಾಗಿ ನೋಯಿಸಿದ ಒಬ್ಬನ ಮನೆಯ ಬಾಗಿಲು ತಟ್ಟುವ ದಿನ.

ಸನ್ನತಿಯ ಗುಡಿಯಲ್ಲಿ ಆ ಕಲ್ಲನ್ನು ಪೀಠಕ್ಕೆಂದು ಕಡೆದಾಗ ಕೆಲವು ಅಕ್ಷರಗಳು ನಾಶವಾದವು. ಅವು ಮರಳಿ ಬರಲಾರವು. ಓದಲು ಬಾರದವರು ಅರಿಯದೆ ಮಾಡಿದ ಕೆಲಸವದು, ಅವರಲ್ಲಿ ದೋಷವಿಲ್ಲ. ಇಂದು ಆ ಲಿಪಿಯನ್ನು ಓದಿದವರಿದ್ದಾರೆ, ಅದರ ಅರ್ಥ ಎಲ್ಲರಿಗೂ ದೊರೆತಿದೆ. ಜಿನವಾಣಿಯಲ್ಲಿ ಅದೇ ಉಪದೇಶ ಗುಪ್ತಿ, ಸಮಿತಿ, ಅಣುವ್ರತಗಳ ಹೆಸರಿನಲ್ಲಿ ನಿತ್ಯ ಕೇಳಿಬರುತ್ತಿದೆ. ತಿಳಿದ ಮೇಲೂ ಅದನ್ನು ಪೂಜೆಯ ಪೀಠದಡಿಯಲ್ಲಿಯೇ ಉಳಿಸಿ, ಮೇಲೆ ನಿಂತು ಪರನಿಂದೆಗೆ ತೊಡಗಿದರೆ ಅರಿಯದವರಿಗಿದ್ದ ವಿನಾಯಿತಿ ಅರಿತವರಿಗೆ ಸಿಗುವುದಿಲ್ಲ. ಆಡುವ ಮೊದಲು ಒಂದು ಕ್ಷಣ ತಡೆಯಬಲ್ಲ ನಾಲಿಗೆಯೇ ಮನುಷ್ಯನು ತನ್ನ ಮಕ್ಕಳಿಗೆ ಬಿಟ್ಟುಹೋಗಬಲ್ಲ ಬಂಗಾರ.